ಜೌಗಿನ ಮೇಲಿನ ಹಲಗೆಹಾದಿ: ಸ್ವೀಟ್ ಟ್ರ್ಯಾಕ್ ನಿಂತಿದ್ದು ಯಾವುದರ ಮೇಲೆ?

ತಳಪಾಯ_ಸಿವಿಲ್

ಇಂಗ್ಲೆಂಡಿನ ಸಾಮರ್‌ಸೆಟ್ ಲೆವೆಲ್ಸ್ ಜೌಗಿನಲ್ಲಿ ಸಿಕ್ಕ ಸ್ವೀಟ್ ಟ್ರ್ಯಾಕ್ ಬಗ್ಗೆ ತಿಳಿದವರು ಇಲ್ಲಿ ಕೆಲವರಿದ್ದೀರಿ, ಹಾಗಾಗಿ ಕೇಳುತ್ತಿದ್ದೇನೆ. 1970ರಲ್ಲಿ ಪೀಟ್ (ಜೌಗಿನಲ್ಲಿ ಪೂರ್ತಿ ಕೊಳೆಯದೆ ಶೇಖರವಾದ ಗಿಡಗಳ ಕಪ್ಪು ಮಣ್ಣು) ತೆಗೆಯುವ ಜಾಗದಲ್ಲಿ ಕಾಲುವೆ ಶುಚಿ ಮಾಡುತ್ತಿದ್ದ ರೇ ಸ್ವೀಟ್ ಅವರಿಗೆ ಹಲಗೆಯೊಂದು ಸಿಕ್ಕಿತು, ಹಾದಿಗೆ ಅವರ ಹೆಸರೇ ಬಂತು. ಪೋಲ್ಡನ್ ಗುಡ್ಡಸಾಲಿನ ಬದಿಯ ಶಾಪ್ವಿಕ್‌ನಿಂದ ವೆಸ್ಟ್‌ಹೇ ದಿಬ್ಬದವರೆಗೆ ಸುಮಾರು 1.8 ಕಿ.ಮೀ. ಉದ್ದ. ಕಟ್ಟಿದ್ದು ಕ್ರಿ.ಪೂ. 3807-3806ರಲ್ಲಿ.

ನನ್ನ ಪ್ರಶ್ನೆ ಮೂರು. ಮಲೆನಾಡಿನ ಕಾಲುಸಂಕಕ್ಕೆ ಎರಡು ದಡದ ಆಧಾರ ಇರುತ್ತದೆ. ಇಲ್ಲಿ ಅಷ್ಟುದ್ದಕ್ಕೂ ದಡವೇ ಇಲ್ಲ, ಹಾಗಾದರೆ ಭಾರ ಹೋಗುವುದು ಎಲ್ಲಿಗೆ? ಎರಡನೆಯದು, ಆರು ಸಾವಿರ ವರ್ಷ ಹಳೆಯ ಮರಕ್ಕೆ ಒಂದೇ ವರ್ಷದ ನಿಖರತೆಯಲ್ಲಿ ಕಾಲ ಹೇಳುವುದು ಹೇಗೆ? ಮೂರನೆಯದು, ಇಷ್ಟು ಶ್ರಮದ ಕೆಲಸ ಯಾಕೆ ಬೇಗ ಕೈಬಿಟ್ಟುಹೋಯಿತು?

ಬಡಗಿಮನೆ

ಮೊದಲ ಪ್ರಶ್ನೆಗೆ ಉತ್ತರ ಅದರ ಜೋಡಣೆಯಲ್ಲೇ ಇದೆ. ಬಿಡಿಸಿ ಬರೆಯುತ್ತೇನೆ.

ಕೆಳಗೆ ಮೊದಲು ಬೀಳುವುದು ಉದ್ದ ಕಂಬ. ಆ್ಯಶ್, ಆಲ್ಡರ್, ಹೇಝಲ್, ಎಲ್ಮ್, ಹೀಗೆ ಸಿಕ್ಕ ನೇರ ಮರದ ಕಾಂಡಗಳನ್ನು ಹಾದಿಯ ದಿಕ್ಕಿಗೇ ಸರಿಯಾಗಿ, ಒಂದರ ತುದಿಗೆ ಇನ್ನೊಂದರ ಬುಡ ತಾಗುವಂತೆ ಜೌಗಿನ ಮೇಲೆ ಮಲಗಿಸಿದ್ದಾರೆ. ಆಮೇಲೆ ಆ ಕಂಬದ ಎಡಬಲದಿಂದ ಒಂದೊಂದು ಗೂಟವನ್ನು ಓರೆಯಾಗಿ ಹೊಡೆದಿದ್ದಾರೆ. ಎರಡೂ ಗೂಟ ಕಂಬದ ಮೇಲೆ ಒಂದನ್ನೊಂದು ಕತ್ತರಿಸಿ ಕತ್ತರಿಯಾಕಾರ ಆಗುತ್ತದೆ. ಕಂಬ ಈಗ ತೇಲುವಂತಿಲ್ಲ, ಪಕ್ಕಕ್ಕೆ ಸರಿಯುವಂತಿಲ್ಲ. ಕತ್ತರಿಯ ಮೇಲಿನ ಬಾಯಲ್ಲಿ ಓಕ್ ಹಲಗೆಯನ್ನು ಕಂಬಕ್ಕೆ ಸಮಾನಾಂತರವಾಗಿ ಕೂರಿಸುತ್ತಾರೆ. ಹಲಗೆಗೂ ಕಂಬಕ್ಕೂ ನಡುವಿನ ಸಂದಿಗೆ ಅಲ್ಲಲ್ಲಿ ಪೀಟ್ ತುಂಬಿದ್ದಾರೆ. ಹಲಗೆಯ ತುದಿಯಲ್ಲಿ ತೂತು ಅಥವಾ ಕಚ್ಚು ಕೊರೆದು, ಸಣ್ಣ ಗೂಟವೊಂದನ್ನು ಅದರ ಮೂಲಕ ನೇರ ಕೆಳಗೆ ಪೀಟಿಗೆ ಇಳಿಸಿದ್ದಾರೆ. ಈ ಕೊನೆಯ ಗೂಟ ಇಲ್ಲದಿದ್ದರೆ ಮೊದಲ ನೆರೆಗೇ ಹಲಗೆ ತೇಲಿಹೋಗುತ್ತಿತ್ತು.

ಹಲಗೆಯ ಅಳತೆ: ಉದ್ದ 3 ಮೀ. ವರೆಗೆ, ಅಗಲ 40 ಸೆಂ.ಮೀ. ವರೆಗೆ, ದಪ್ಪ 5 ಸೆಂ.ಮೀ.ಗಿಂತ ಕಡಿಮೆ. ಹಾದಿ ಒಂದೇ ಹಲಗೆಯಷ್ಟು ಅಗಲ. ಎದುರಿನಿಂದ ಯಾರಾದರೂ ಬಂದರೆ ದಾಟುವುದಕ್ಕೆ ಜಾಗ ಇಲ್ಲ.

ಭಾರದ ಲೆಕ್ಕ ನೀವೇ ನೋಡಿ. 70 ಕೆ.ಜಿ. ಮನುಷ್ಯ ಒಂಟಿಗಾಲಲ್ಲಿ ನಿಂತರೆ, ಪಾದದ ಅಡಿ ಸುಮಾರು 200 ಚದರ ಸೆಂ.ಮೀ. ಎಂದಿಟ್ಟುಕೊಂಡರೆ, ಚದರ ಸೆಂ.ಮೀ.ಗೆ 350 ಗ್ರಾಂ ಬೀಳುತ್ತದೆ. ಅಷ್ಟಕ್ಕೆ ಹಸಿ ಪೀಟ್ ಬಾಯಿ ಬಿಡುತ್ತದೆ. ಅದೇ ತೂಕ 3 ಮೀ. ಉದ್ದ, 10 ಸೆಂ.ಮೀ. ದಪ್ಪದ ಕಂಬದಡಿ ಹರಡಿದರೆ 3,000 ಚದರ ಸೆಂ.ಮೀ. ಸಿಕ್ಕಿತು, ಚದರ ಸೆಂ.ಮೀ.ಗೆ 23 ಗ್ರಾಂ ಮಾತ್ರ. ಪೂರ್ತಿ ಸಮನಾಗಿ ಹರಡುವುದಿಲ್ಲ, ನಿಜ. ಆದರೆ ಓರೆ ಗೂಟಗಳ ಮೈಗೆ ಪೀಟ್ ಹಿಡಿದುಕೊಳ್ಳುವ ಘರ್ಷಣೆಯೂ ಒಂದಿಷ್ಟು ಹೊರುತ್ತದೆ. ಇದು ಹಾಸಿಗೆ ತಳಪಾಯ ಮತ್ತು ಗೂಟ ತಳಪಾಯ ಎರಡೂ ಸೇರಿದ್ದು. ತೆಳು ಹಲಗೆ, ತೆಳು ಕಂಬ, ಎಲ್ಲವೂ ಹಗುರ ಎಂಬುದೇ ಇದರ ಗುಟ್ಟು.

ಕಾಡುಹಾದಿ

ಇಷ್ಟೆಲ್ಲ ಯಾಕೆ? ದಿಮ್ಮಿಗಳನ್ನು ಅಡ್ಡಡ್ಡ ಹಾಸಿಬಿಟ್ಟರೆ ಆಗುತ್ತಿರಲಿಲ್ಲವೇ? ಯುರೋಪಿನ ಬಹುಪಾಲು ಜೌಗುಹಾದಿಗಳು ಹಾಗೇ ಇವೆಯಲ್ಲ.

ಜೌಗುನೆಲ

ಜೌಗು ಎಲ್ಲ ಕಡೆ ಒಂದೇ ಅಲ್ಲ, ಕಾಡುಹಾದಿ ಅವರೇ. ಸ್ವೀಟ್ ಟ್ರ್ಯಾಕ್ ಕಟ್ಟಿದಾಗ ಅಲ್ಲಿದ್ದದ್ದು ಜೊಂಡಿನ ಜೌಗು. ಜೊಂಡಿನ ಬುಡದಲ್ಲಿ ನಿಂತ ನೀರು, ಚಳಿಗಾಲ ಬೇಸಿಗೆಗೆ ಏರಿಳಿತ. ಅಡ್ಡ ದಿಮ್ಮಿ ಹಾಸಿದರೆ ಅದು ನೀರಿನ ಮಟ್ಟದಲ್ಲೇ ಇರುತ್ತದೆ. ಚಳಿಗಾಲದ ನೆರೆಗೆ ಮುಳುಗುತ್ತದೆ, ಇಲ್ಲವೇ ತೇಲುತ್ತದೆ. ಅದಕ್ಕೇ ಕತ್ತರಿ ಗೂಟ ಹಾಕಿ ಹಲಗೆಯನ್ನು ನೀರಿನಿಂದ ಮೇಲೆತ್ತಿದ್ದಾರೆ.

ಕಾಲ ಕಳೆದಂತೆ ಅದೇ ಕಣಿವೆಯಲ್ಲಿ ಸ್ಫ್ಯಾಗ್ನಮ್ ಎಂಬ ಪಾಚಿ ಬೆಳೆದು ಸುತ್ತಲಿಗಿಂತ ಎತ್ತರಕ್ಕೆ ಉಬ್ಬಿದ ಜೌಗಾಯಿತು. ಅಂಥದ್ದರ ಮೇಲ್ಮೈ ನೆನೆದ ದಪ್ಪ ಚಾಪೆ, ನಿಂತ ನೀರು ಕಡಿಮೆ. ಅಲ್ಲಿ ಅಡ್ಡ ಹಾಸಿಗೆ ಸಾಕು. ಸ್ವೀಟ್ ಟ್ರ್ಯಾಕ್‌ಗಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನ ಆ್ಯಬಟ್ಸ್ ವೇ ಹಾದಿಯಲ್ಲಿ ಆಲ್ಡರ್ ಮರದ ಹಲಗೆ, ಸೀಳುಗಳನ್ನು ಒತ್ತೊತ್ತಾಗಿ ಅಡ್ಡ ಜೋಡಿಸಿದ್ದಾರೆ. ಹಾದಿಯ ರೂಪ ನೋಡಿ ನಾಗರಿಕತೆಯ ಮಟ್ಟ ಅಳೆಯಲು ಹೊರಡುವವರು ಮೊದಲು ಆ ಕಾಲದ ನೀರಿನ ಮಟ್ಟ ನೋಡಬೇಕು.

ಇನ್ನೊಂದು ಬಗೆ ತಡಿಕೆ. ಅದೇ ಸಾಮರ್‌ಸೆಟ್ ಲೆವೆಲ್ಸ್‌ನ ವಾಲ್ಟನ್ ಹೀತ್‌ನಲ್ಲಿ ಹೇಝಲ್ ಕಡ್ಡಿ ಹೆಣೆದ ತಡಿಕೆಗಳನ್ನೇ ಜೌಗಿನ ಮೇಲೆ ಹಾಸಿದ್ದಾರೆ. ಅದಕ್ಕೆ ಒಂದೇ ದಪ್ಪದ, ಗಂಟಿಲ್ಲದ, ನೇರ ಕಡ್ಡಿ ರಾಶಿಗಟ್ಟಲೆ ಬೇಕು. ಕಾಡಿನಲ್ಲಿ ತಾನಾಗಿ ಬೆಳೆದ ಹೇಝಲ್‌ನಲ್ಲಿ ಅಷ್ಟು ಸಿಗುವುದಿಲ್ಲ. ಬುಡಕ್ಕೆ ಕಡಿದು ಕೂಳೆ ಚಿಗುರು ಬರಿಸಿ, ಕೆಲವು ವರ್ಷಕ್ಕೊಮ್ಮೆ ಕೊಯ್ಯಬೇಕು. ಕಡ್ಡಿಯ ಬುಡದಲ್ಲಿ ಹಳೇ ಮೋಟಿನಿಂದ ಕಿತ್ತ ಹಿಮ್ಮಡಿಯಂಥ ಉಬ್ಬು ಉಳಿದಿರುತ್ತದೆ. ಕೂಳೆ ಎಂದು ಗುರುತಿಸುವುದು ಆ ಉಬ್ಬಿನಿಂದ, ಜೊತೆಗೆ ಮೊದಲ ವರ್ಷದ ಉಂಗುರ ವಿಪರೀತ ಅಗಲ ಇರುವುದರಿಂದ. ಬೇರು ಹಳೆಯದು, ಚಿಗುರು ಹೊಸದು, ಆದ್ದರಿಂದ ಮೊದಲ ವರ್ಷ ಜೋರು ಬೆಳವಣಿಗೆ. ಅಂದರೆ ಆ ಜನ ಕಾಡನ್ನು ಬರೀ ಕಡಿಯುತ್ತಿರಲಿಲ್ಲ, ಕೊಯ್ಲಿಗೆ ಕಾಯುತ್ತಿದ್ದರು.

ತಳಪಾಯ_ಸಿವಿಲ್

ಬಡಗಿಮನೆ ಅವರೇ, ಗರಗಸ ಇಲ್ಲದೆ 3 ಮೀಟರ್ ಹಲಗೆ ತೆಗೆದದ್ದು ಹೇಗೆ?

ಬಡಗಿಮನೆ

ಸೀಳಿ. ಓಕ್‌ನಷ್ಟು ಸೊಗಸಾಗಿ ಸೀಳುವ ಮರ ಕಡಿಮೆ. ಅದರ ತಿರುಳಿನಿಂದ ತೊಗಟೆಯ ಕಡೆಗೆ ಅಗಲವಾದ ಕಿರಣದಂಥ ಪಟ್ಟಿಗಳು ಹೋಗುತ್ತವೆ, ಮರ ಬಿಟ್ಟುಕೊಡುವುದು ಆ ಸಾಲಿನಲ್ಲೇ.

ಮರ ಹಸಿ ಇರುವಾಗಲೇ ಕೆಲಸ ಮುಗಿಯಬೇಕು, ಒಣಗಿದ ಓಕ್ ಬೆಣೆಗೆ ಜಗ್ಗುವುದಿಲ್ಲ. ದಿಮ್ಮಿಯ ಕೊನೆಯಲ್ಲಿ ನಡು ತಿರುಳಿಗೆ ಅಡ್ಡಲಾಗಿ ಬೆಣೆ ಇಟ್ಟು ಕೊಡತಿಯಿಂದ ಬಡಿಯುತ್ತಾರೆ. ಬಿರುಕು ಬಾಯಿ ಬಿಟ್ಟ ಮೇಲೆ ಅದು ಓಡಿದ ದಾರಿ ಹಿಡಿದು ದಿಮ್ಮಿಯ ಮೈಮೇಲೆ ಮುಂದಿನ ಬೆಣೆ, ಅದು ಸಡಿಲಾದಾಗ ಹಿಂದಿನದನ್ನು ತೆಗೆದು ಇನ್ನೂ ಮುಂದೆ. ಹೀಗೆ ಅರ್ಧ, ಕಾಲು, ಅರೆಕಾಲು. ಪ್ರತಿ ಸಲವೂ ಎರಡೂ ಕಡೆ ಸಮ ದಪ್ಪ ಇರುವಂತೆ ನಡುವಿಗೇ ಸೀಳಬೇಕು. ಒಂದು ಬದಿ ತೆಳುವಾದರೆ ಬಿರುಕು ತೆಳು ಬದಿಗೆ ಓಡಿ ಹಲಗೆ ಅರ್ಧದಲ್ಲೇ ಚಕ್ಕೆಯಾಗಿ ಹಾರುತ್ತದೆ. ಇಲ್ಲಿ ಆಗುವ ದೊಡ್ಡ ನಷ್ಟ ಇದೇ. ತಿರುಚಿ ಬೆಳೆದ ಮರವನ್ನು ಮೊದಲೇ ಬಿಡಬೇಕು, ತೊಗಟೆಯ ಗೆರೆ ಸುತ್ತಿಕೊಂಡು ಹೋಗಿದ್ದರೆ ಒಳಗಿನ ನಾರೂ ಹಾಗೇ. ಕೆಳಗಿನ ಕೊಂಬೆ ಇಲ್ಲದ, ದಟ್ಟ ಕಾಡಿನ ನಡುವೆ ಬೆಳೆದ ನೆಟ್ಟನೆಯ ಮರ ಬೇಕು.

ಸೀಳಿದ ಹಲಗೆಯಲ್ಲಿ ನಾರು ಉದ್ದಕ್ಕೂ ತುಂಡಾಗಿರುವುದಿಲ್ಲ. ಅದಕ್ಕೇ 5 ಸೆಂ.ಮೀ. ಒಳಗಿನ ದಪ್ಪದಲ್ಲೂ ಮನುಷ್ಯನ ಭಾರಕ್ಕೆ ಮುರಿಯದೆ ಬಾಗುತ್ತದೆ. ಗರಗಸದ ಹಲಗೆ ಅಷ್ಟೇ ದಪ್ಪಕ್ಕೆ ಇಷ್ಟು ನಂಬಿಕಸ್ಥ ಅಲ್ಲ, ಗರಗಸ ನಾರನ್ನು ಲೆಕ್ಕಿಸದೆ ಕೊಯ್ಯುತ್ತದೆ.

ಹಾದಿಯ ಕೆಲವು ಹಲಗೆ 400 ವರ್ಷದ, ಸುಮಾರು 1 ಮೀ. ವ್ಯಾಸದ ಓಕ್‌ಗಳಿಂದ ಬಂದವು. ಅಂಥ ದಪ್ಪ ಮರದಲ್ಲಿ ತಿರುಳಿನಿಂದ ತೊಗಟೆಗೆ 50 ಸೆಂ.ಮೀ. ಸಿಗುತ್ತದೆ, ಎಳೆಮರ (ತೊಗಟೆಗೆ ತಾಗಿದ ಹೊರಪದರದ ಮರ) ಬಿಟ್ಟರೂ 40 ಸೆಂ.ಮೀ. ಹಲಗೆ ಬಂತು. ಕಡಿಮೆ ವಯಸ್ಸಿನ ಮರಗಳಿಂದ ತೆಗೆದವೂ ಇವೆ. ಸಣ್ಣ ಮರವನ್ನು ತಿರುಳಿನ ಕಡೆಗೆ ಸೀಳಿದರೆ ಪಟ್ಟಿ ಕಿರಿದಾಗುತ್ತದೆ, ಹಾಗಾಗಿ ಕಿರಣಪಟ್ಟಿಗಳಿಗೆ ಅಡ್ಡಲಾಗಿ, ಉಂಗುರದ ಸಾಲು ಹಿಡಿದು ಸೀಳಬೇಕು. ಅದು ಹೆಚ್ಚು ಕಷ್ಟ, ಹಲಗೆಯೂ ಡೊಂಕಾಗುವ ಸ್ವಭಾವದ್ದು.

ಪ್ರಮಾಣ: 1,800 ಮೀ.ಗೆ 3 ಮೀ. ಹಲಗೆ ಎಂದರೂ ಕನಿಷ್ಠ 600 ಹಲಗೆ. ಬಹಳಷ್ಟು ಹಲಗೆ ಅದಕ್ಕಿಂತ ಗಿಡ್ಡ, ಆದ್ದರಿಂದ ನಿಜ ಸಂಖ್ಯೆ ಹೆಚ್ಚು. ಇವನ್ನು ಒಣನೆಲದಲ್ಲೇ ಸೀಳಿ, ತೂತು ಕೊರೆದು, ಗೂಟದ ಮೊನೆ ಚೂಪು ಮಾಡಿ ತಂದಿರಬೇಕು. ಕಾಲಿಡಲು ಜಾಗ ಇಲ್ಲದ ಕಡೆ ಕೊಡಲಿ ಬೀಸಲಾಗುವುದಿಲ್ಲ. ಹಾಕಿದ ಹಲಗೆಯ ಮೇಲೆ ನಡೆದೇ ಮುಂದಿನ ಹಲಗೆ ಸಾಗಿಸುವುದು ಇರುವ ಒಂದೇ ದಾರಿ.

ಉಂಗುರ_ಲೆಕ್ಕ

ಎರಡನೆಯ ಪ್ರಶ್ನೆ ನನ್ನದು. ಇಂಗಾಲ-14ರಿಂದ ವರ್ಷ ಬರುವುದಿಲ್ಲ, ಶತಮಾನದ ಅಂದಾಜು ಬರುತ್ತದೆ. ಒಂದೇ ವರ್ಷ ಹೇಳುವುದು ಮರದ ಉಂಗುರ.

ಓಕ್ ಪ್ರತಿ ವಸಂತದಲ್ಲಿ ಮೊದಲು ದೊಡ್ಡ ರಂಧ್ರಗಳ ಸಾಲು ಹಾಕುತ್ತದೆ, ಬೇಸಿಗೆಯಲ್ಲಿ ಗಟ್ಟಿ ಮರ. ಆದ್ದರಿಂದ ಉಂಗುರದ ಗಡಿ ಸ್ಪಷ್ಟ. ಒಳ್ಳೆ ವರ್ಷಕ್ಕೆ ಅಗಲ, ಕೆಟ್ಟ ವರ್ಷಕ್ಕೆ ಕಿರಿದು. ಅಳತೆಗೆ ಮರದ ಅಡ್ಡಸೀಳಿನ ಮೈಯನ್ನು ಹರಿತ ಬ್ಲೇಡಿನಿಂದ ನುಣುಪು ಮಾಡಿ, ಸೂಕ್ಷ್ಮದರ್ಶಕದಡಿ ಒಂದೊಂದೇ ಉಂಗುರವನ್ನು ಮಿ.ಮೀ.ನ ನೂರನೇ ಭಾಗದವರೆಗೆ ಅಳೆಯುತ್ತಾರೆ. ಆ ಸರಣಿಯನ್ನು ಇಂದಿನಿಂದ ಹಿಂದಕ್ಕೆ ಕೊಂಡಿ ಕೊಂಡಿಯಾಗಿ ಕಟ್ಟಿದ ಪ್ರಮಾಣಸರಣಿಯ ಮೇಲೆ ಜಾರಿಸಿ ಹೊಂದುವ ಜಾಗ ಹುಡುಕುತ್ತಾರೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಓಕ್‌ನ ಅಂಥ ಸಾವಿರಾರು ವರ್ಷದ ಸರಣಿ ತಯಾರಾಗಿತ್ತು. ಇಂಗ್ಲೆಂಡಿನ ನವಶಿಲಾಯುಗದ ಮರಗಳನ್ನು ಅದಕ್ಕೆ ಜೋಡಿಸಿ ಸ್ವೀಟ್ ಟ್ರ್ಯಾಕ್‌ನ ವರ್ಷ ಪ್ರಕಟಿಸಿದ್ದು 1990ರಲ್ಲಿ. ಅಂದರೆ ಹಾದಿ ಸಿಕ್ಕ ಇಪ್ಪತ್ತು ವರ್ಷದ ಮೇಲೆ.

ಎಚ್ಚರ ಬೇಕಾದ ಜಾಗ ಒಂದಿದೆ. ಹಲಗೆಯಲ್ಲಿ ಕಾಣುವ ಕೊನೆಯ ಉಂಗುರ ಮರ ಕಡಿದ ವರ್ಷದ್ದೇ ಆಗಿರಬೇಕಿಲ್ಲ. ಬಡಗಿ ಹೊರಗಿನ ಎಳೆಮರ ಕೆತ್ತಿಹಾಕಿದ್ದರೆ ಎಷ್ಟು ಉಂಗುರ ಹೋಯಿತೋ ತಿಳಿಯದು. ಚೇಗು (ಒಳಗಿನ ಗಟ್ಟಿ ಮರ) ಮಾತ್ರ ಉಳಿದಿದ್ದರೆ 'ಈ ವರ್ಷದ ನಂತರ' ಎಂದಷ್ಟೇ ಬರೆಯಬಹುದು. ಎಳೆಮರ ಸ್ವಲ್ಪ ಇದ್ದರೆ ಕೆಲವು ದಶಕದ ವ್ಯಾಪ್ತಿ ಕೊಡಬಹುದು. ತೊಗಟೆಯ ಅಂಚು ಪೂರ್ತಿ ಇದ್ದರೆ ವರ್ಷವಷ್ಟೇ ಅಲ್ಲ, ಋತುವೂ ಸಿಗುತ್ತದೆ. ಕೊನೆಯ ಉಂಗುರ ಪೂರ್ಣವಾಗಿ, ಮುಂದಿನ ರಂಧ್ರಸಾಲು ಶುರುವಾಗದೆ ಇದ್ದರೆ ಮರ ನಿದ್ದೆಯಲ್ಲಿದ್ದಾಗ ಕಡಿದಿದ್ದು. ಸ್ವೀಟ್ ಟ್ರ್ಯಾಕ್‌ಗೆ 3807ರ ಚಳಿಗಾಲದಿಂದ 3806ರ ವಸಂತದ ಹೊತ್ತಿಗೆ ಎಂದು ಹೇಳಲು ಸಾಧ್ಯವಾಗಿದ್ದು ಹೀಗೆ. ಹಸಿ ಓಕ್ ಸೀಳುತ್ತಿದ್ದರು ಎಂದು ಬಡಗಿಮನೆ ಹೇಳಿದರಲ್ಲ, ಅದಕ್ಕೇ ಕಡಿದ ಕಾಲವನ್ನೇ ಕಟ್ಟಿದ ಕಾಲ ಎಂದು ಹಿಡಿಯಬಹುದು.

ಕಾಡುಹಾದಿ

ಜಗತ್ತಿನ ಅತಿ ಹಳೆಯ ರಸ್ತೆ ಎಂದು ಎಲ್ಲ ಕಡೆ ಬರೆಯುತ್ತಾರೆ, ನಿಜವೇ?

ಉಂಗುರ_ಲೆಕ್ಕ

ಅಲ್ಲ. ಅದರ ಸಾಲಿನಲ್ಲೇ ಹೆಚ್ಚುಕಡಿಮೆ ಹೋಗುವ ಪೋಸ್ಟ್ ಟ್ರ್ಯಾಕ್ ಕ್ರಿ.ಪೂ. 3838ರದ್ದು. ಲಂಡನ್ನಿನ ಪ್ಲಮ್‌ಸ್ಟೆಡ್‌ನಲ್ಲಿ 2009ರಲ್ಲಿ ವರದಿಯಾದ ಮರದ ರಚನೆ ಇನ್ನೂ ಹಿಂದಿನದು. ಜರ್ಮನಿಯ ಕಾಂಪೆಮೋರ್ ಜೌಗಿನಲ್ಲಿ ಅದಕ್ಕಿಂತಲೂ ಹಳೆಯ ಹಾದಿ ಸಿಕ್ಕಿದೆ. ವರ್ಷ, ಋತು ಸಮೇತ ಗೊತ್ತಿರುವ ಅತಿ ಹಳೆಯ ಹಾದಿಗಳಲ್ಲಿ ಒಂದು ಎಂದರೆ ಸರಿ. ನನ್ನ ಮಟ್ಟಿಗೆ ಅದೇ ದೊಡ್ಡದು.

ಜೌಗುನೆಲ

ಮೂರನೆಯ ಪ್ರಶ್ನೆಗೆ. ಸ್ವೀಟ್ ಟ್ರ್ಯಾಕ್ ಬಳಕೆಯಲ್ಲಿದ್ದದ್ದು ಹತ್ತು ವರ್ಷದ ಆಸುಪಾಸು, ನಡುವೆ ರಿಪೇರಿಯೂ ಆಗಿದೆ. ಕೆಟ್ಟಿದ್ದು ಯಾರೋ ತಪ್ಪು ಕಟ್ಟಿದ್ದರಿಂದ ಅಲ್ಲ. ಗೂಟದಲ್ಲಿ ನೀರಿನೊಳಗಿನ ಭಾಗ ಗಟ್ಟಿಯಾಗಿರುತ್ತದೆ, ನೀರು ಏರಿಳಿಯುವ ಆ ಒಂದು ಗೇಣು ಜಾಗದಲ್ಲಿ ಗಾಳಿಯೂ ನೀರೂ ಎರಡೂ ಸಿಕ್ಕಿ ಶಿಲೀಂಧ್ರ ಬೆಳೆಯುತ್ತದೆ. ಕತ್ತರಿಯ ಗಂಟು ಇರುವುದೂ ಅಲ್ಲೇ. ಅದು ಮೆತ್ತಗಾದರೆ ಹಲಗೆ ಒಂದು ಬದಿಗೆ ವಾಲುತ್ತದೆ. ಇನ್ನೊಂದು ಕಡೆ ಜೊಂಡು ಸತ್ತು ಸತ್ತು ಪೀಟ್ ಏರುತ್ತಲೇ ಇರುತ್ತದೆ, ನೀರಿನ ಮಟ್ಟವೂ ಅದರ ಜೊತೆ. ಕೊನೆಗೆ ಹಾದಿಯನ್ನು ಜೊಂಡೇ ಮುಚ್ಚಿತು. ನಮ್ಮ ಕೈಗೆ ಸಿಕ್ಕಿದ್ದು ಆ ಮುಚ್ಚಳದಿಂದ.

ತೂಕದಿಂದಲೇ ಕೆಟ್ಟದ್ದು ನೋಡಬೇಕಾದರೆ ಐರ್ಲೆಂಡಿಗೆ ಹೋಗಿ. ಲಾಂಗ್‌ಫರ್ಡ್ ಕೌಂಟಿಯ ಕೊರ್ಲಿಯಾದಲ್ಲಿ ಕ್ರಿ.ಪೂ. 148ರ ಓಕ್ ಹಾದಿ, ಬ್ಯಾರಿ ರಾಫ್ಟರಿ ಅವರ ತಂಡ 1985ರಿಂದ ಅಗೆದದ್ದು. ಉದ್ದಕ್ಕೆ ಎರಡು ಸಾಲು ಹಾಸುಗಂಬ, ಮೇಲೆ 3ರಿಂದ 4 ಮೀ. ಉದ್ದದ ಓಕ್ ಹಲಗೆಗಳು ಅಡ್ಡ. ತುದಿಗೆ ಚೌಕ ತೂತು, ಅದರಲ್ಲಿ ಗೂಟ. ಗಾಡಿ ಹೋಗುವಷ್ಟು ಅಗಲ.

ತಳಪಾಯ_ಸಿವಿಲ್

ಎರಡರ ಸ್ವಂತ ತೂಕ ಹೋಲಿಸಿ ನೋಡಿದೆ. ಹಸಿ ಓಕ್ ಘನ ಮೀಟರಿಗೆ ಸುಮಾರು 1,000 ಕೆ.ಜಿ. ಸ್ವೀಟ್ ಟ್ರ್ಯಾಕ್‌ನ 3 ಮೀ. × 40 ಸೆಂ.ಮೀ. × 4 ಸೆಂ.ಮೀ. ಹಲಗೆ 48 ಕೆ.ಜಿ., ಅಂದರೆ ಹಾದಿಯ ಪ್ರತಿ ಮೀಟರಿಗೆ 16 ಕೆ.ಜಿ. ಕೊರ್ಲಿಯಾ ಬಗೆಯದಕ್ಕೆ ಉದಾಹರಣೆಯಾಗಿ 3.5 ಮೀ. ಉದ್ದ, 30 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪ ಹಿಡಿದರೆ ಒಂದಕ್ಕೆ 105 ಕೆ.ಜಿ., ಒತ್ತಾಗಿ ಹಾಸಿದರೆ ಮೀಟರಿಗೆ ಮೂರಕ್ಕಿಂತ ಹೆಚ್ಚು. ಗಾಡಿ ಬರುವ ಮೊದಲೇ ಮೀಟರಿಗೆ 350 ಕೆ.ಜಿ. ಅಗಲ ಹೆಚ್ಚಿದ್ದರೂ ಎಲ್ಲ ಭಾರ ಇಳಿಯುವುದು ಎರಡು ಹಾಸುಗಂಬದ ಮೇಲೆ. ಪೀಟ್ ಒಮ್ಮೆಲೇ ಕುಸಿಯದೆ ಹೋದರೂ ನೀರು ಹಿಂಡಿಹೋಗಿ ವರ್ಷಗಟ್ಟಲೆ ಕೂರುತ್ತಾ ಹೋಗುತ್ತದೆ.

ಜೌಗುನೆಲ

ಆದದ್ದೂ ಅದೇ. ಹತ್ತು ವರ್ಷದೊಳಗೆ ಮುಳುಗಿತು ಎಂಬುದು ಅಗೆದವರ ಅಂದಾಜು. ಜೌಗಿನ ಮೇಲೆ ಗಟ್ಟಿಮುಟ್ಟಾಗಿ ಕಟ್ಟುವುದಕ್ಕಿಂತ ಹಗುರವಾಗಿ ಕಟ್ಟುವುದು ಜಾಣತನ.

ಹಳೆಬೇರು

ಹಾದಿಯ ಪಕ್ಕ ಸಿಕ್ಕ ವಸ್ತುಗಳ ಮಾತು ಬರಲೇ ಇಲ್ಲ. ಆಲ್ಪ್ಸ್‌ನಿಂದ ಬಂದ ಜೇಡ್ ಕಲ್ಲಿನ ಕೊಡಲಿಯಲಗು, ಬಳಸಿದ ಗುರುತೇ ಇಲ್ಲ, ಕನ್ನಡಿಯಷ್ಟು ನುಣುಪು. ಚಕಮಕಿ ಕಲ್ಲಿನ ಬಾಣದ ಮೊನೆಗಳು, ಯೂ ಮರದ ಪಿನ್ನುಗಳು, ಹೇಝಲ್ ಕಾಯಿ ಇದ್ದ ಒಂದು ಮಡಕೆ. ಎಲ್ಲವನ್ನೂ 'ಹರಕೆ' ಎಂದು ಒಂದೇ ಚೀಲಕ್ಕೆ ತುಂಬುವುದು ನನಗೆ ಒಪ್ಪಿಗೆಯಿಲ್ಲ. 40 ಸೆಂ.ಮೀ. ಒದ್ದೆ ಹಲಗೆಯ ಮೇಲೆ ಮಡಕೆ ಹೊತ್ತು ನಡೆಯುವವರು ಕಾಲು ಜಾರುವುದು ಸಹಜ. ಕೊಡಲಿ ಬೇರೆ ಮಾತು. ಅಷ್ಟು ದೂರದಿಂದ ಬಂದ, ಯಾವ ಮರಕ್ಕೂ ತಾಗಿಸದ ವಸ್ತುವನ್ನು ಹಲಗೆಯ ಪಕ್ಕ ಬೇಕೆಂದೇ ಇಳಿಸಿದ್ದಾರೆ ಎಂದು ನಂಬುತ್ತೇನೆ. ಜರ್ಮನಿಯ ವಿಟ್ಟೆಮೋರ್‌ನಲ್ಲಿ ಕ್ರಿ.ಪೂ. 135ರ ಹಾದಿ ತೊರೆ ದಾಟುವ ಕಡೆ ಎರಡೂ ಬದಿಗೆ ಮನುಷ್ಯಾಕಾರದ ಹಲಗೆ ನಿಲ್ಲಿಸಿದ್ದರು. ಅಲ್ಲಿ ಭಕ್ತಿಯ ಅರ್ಥ ಎದುರಿಗೇ ಇದೆ.

ಕಾಡುಹಾದಿ

ಆರು ಸಾವಿರ ವರ್ಷ ಉಳಿದ ಮರ ತೆಗೆದ ಮೇಲೆ ಕೆಲವೇ ದಿನದಲ್ಲಿ ಹಾಳಾಗುತ್ತದೆ ಎನ್ನುತ್ತಾರೆ. ಯಾಕೆ?

ನೀರುಮರ

ನೋಡಲು ಹೊಸ ಮರದಂತೆ ಇದ್ದರೂ ಒಳಗೆ ಗೋಡೆ ಸವೆದಿರುತ್ತದೆ. ಪೀಟಿನೊಳಗೆ ಆಮ್ಲಜನಕ ಇಲ್ಲ, ಆದ್ದರಿಂದ ಶಿಲೀಂಧ್ರ ಇಲ್ಲ. ಆದರೆ ಕೆಲವು ಬ್ಯಾಕ್ಟೀರಿಯಾ ನಿಧಾನಕ್ಕೆ ಸೆಲ್ಯುಲೋಸ್ ತಿನ್ನುತ್ತವೆ, ಲಿಗ್ನಿನ್ ಬಿಡುತ್ತವೆ. ಖಾಲಿಯಾದ ಜಾಗವನ್ನು ನೀರು ತುಂಬಿ ಆಕಾರ ಹಿಡಿದಿಟ್ಟಿರುತ್ತದೆ. ಬಿಸಿಲಿಗಿಟ್ಟರೆ ಆವಿಯಾಗುವ ನೀರು ಕೋಶದ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಹಲಗೆ ಸುರುಟುತ್ತದೆ, ಅಡ್ಡಡ್ಡ ಸೀಳುತ್ತದೆ. ಮತ್ತೆ ನೆನೆಸಿದರೆ ಹಳೇ ಆಕಾರಕ್ಕೆ ಬರುವುದಿಲ್ಲ.

ಅಗೆಯುವಾಗ ಲೋಹದ ಕರಣೆ ಬೇಡ, ಮರದ ಮೈ ಬೆಣ್ಣೆಯಷ್ಟು ಮೆತ್ತಗಿರುತ್ತದೆ, ಕೊಡಲಿಯ ಗುರುತು ಅಳಿಸಿಹೋಗುತ್ತದೆ. ಮರದ ಅಥವಾ ಪ್ಲಾಸ್ಟಿಕ್ ಪಟ್ಟಿ, ಬೆರಳು, ನೀರಿನ ಸಿಂಪಡಣೆ ಸಾಕು. ಗುಂಡಿಯೊಳಗೆ ಯಾರೂ ಕಾಲಿಡಬಾರದು. ಅಡ್ಡ ಹಲಗೆ ಇಟ್ಟು ಅದರ ಮೇಲೆ ಬೋರಲು ಮಲಗಿ ಕೆಲಸ. ಬಿಚ್ಚಿಟ್ಟ ಭಾಗಕ್ಕೆ ಒದ್ದೆ ಸ್ಪಂಜು, ಪ್ಲಾಸ್ಟಿಕ್ ಹಾಳೆ. ಎತ್ತುವಾಗ ಉದ್ದಕ್ಕೂ ಆಧಾರ ಕೊಟ್ಟು ಕಟ್ಟಬೇಕು, ಎರಡು ತುದಿ ಹಿಡಿದರೆ ನಡುವೆ ಮುರಿಯುತ್ತದೆ.

ಆಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ನೀರಿನಲ್ಲಿ ಕರಗುವ ಮೇಣ. ಬಿಸಿ ತೊಟ್ಟಿಯಲ್ಲಿ ಮರ ಮುಳುಗಿಸಿ ಮೇಣದ ಪ್ರಮಾಣ ಹಂತಹಂತವಾಗಿ ಏರಿಸುತ್ತಾರೆ. ಸ್ವೀಟ್ ಟ್ರ್ಯಾಕ್‌ನ ಮರಗಳಿಗೆ ಸುಮಾರು ಒಂಬತ್ತು ತಿಂಗಳು ಹಿಡಿದಿತ್ತು. ಅವಸರ ಮಾಡಿ ಮೊದಲೇ ಗಟ್ಟಿ ದ್ರಾವಣಕ್ಕೆ ಹಾಕಿದರೆ ಒಳಗಿನ ನೀರು ಹೊರಗೆ ಬರುವ ವೇಗಕ್ಕೆ ಮೇಣ ಒಳಗೆ ಹೋಗುವುದಿಲ್ಲ, ತೊಟ್ಟಿಯಲ್ಲೇ ಕೋಶ ಕುಸಿಯುತ್ತದೆ. ಓಕ್ ಇನ್ನೂ ಫಜೀತಿ: ಹೊರಮೈ ಸವೆದು ಮೆತ್ತಗೆ, ಒಳ ಚೇಗು ಗಟ್ಟಿ. ಒಂದೇ ಮೇಣ ಎರಡಕ್ಕೂ ಹೊಂದುವುದಿಲ್ಲ. ಸಣ್ಣ ಅಣುವಿನ ಮೇಣ ಗಟ್ಟಿ ಭಾಗಕ್ಕೆ ಹೋಗುತ್ತದೆ, ಆದರೆ ತೇವದ ಹವೆಯಲ್ಲಿ ಬೆವರುತ್ತದೆ. ಕೊರ್ಲಿಯಾದಲ್ಲಿ 18 ಮೀ. ಹಾದಿಯನ್ನು ಅಗೆದ ಜಾಗದ ಹತ್ತಿರವೇ ತೇವಾಂಶ ಕಾಯುವ ಸಭಾಂಗಣದಲ್ಲಿ ಇಟ್ಟಿದ್ದಾರೆ.

ಹಳೆಬೇರು

ನಮ್ಮ ಕಡೆ ಇಂಥ ಮರ ಉಳಿಯುವುದೇ ಇಲ್ಲವೇ? ಜೌಗು ಇಲ್ಲಿಯೂ ಇದೆಯಲ್ಲ, ಉತ್ತರ ಕನ್ನಡದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯೇ ಇದೆ.

ನೀರುಮರ

ಉಳಿಯುತ್ತದೆ, ವರ್ಷವಿಡೀ ನೀರು ಇಳಿಯದ ಕಡೆ ಮಾತ್ರ. ಬೇಸಿಗೆಯಲ್ಲಿ ಒಂದು ತಿಂಗಳು ಮಟ್ಟ ಕೆಳಗೆ ಹೋದರೂ ಗಾಳಿ ಒಳಗೆ ನುಗ್ಗುತ್ತದೆ, ಗೆದ್ದಲೂ ಬರುತ್ತದೆ, ಬಿಸಿ ಹವೆಯಲ್ಲಿ ಕೊಳೆಯುವುದೂ ಬೇಗ. ಕೇರಳದ ಪಟ್ಟಣಂನಲ್ಲಿ 2007ರಲ್ಲಿ ಸುಮಾರು 6 ಮೀ. ಉದ್ದದ ದೋಣಿ ಸಿಕ್ಕಿತು, ಎರಡು ಸಾವಿರ ವರ್ಷ ಹಳೆಯದು. ಮರ ನಮ್ಮ ಹೆಬ್ಬಲಸು. ಪಕ್ಕದ ದೋಣಿಗೂಟಗಳು ತೇಗ. ನೀರಿನ ಮಟ್ಟಕ್ಕಿಂತ ಕೆಳಗಿದ್ದುದರಿಂದಲೇ ಉಳಿದವು.

ಕೆರೆ ಹೂಳು, ಬಾವಿ, ಕಾಲುವೆ ತೆಗೆಯುವಾಗ ಕೆತ್ತಿದ ಗುರುತಿರುವ ಕಪ್ಪು ಮರ ಸಿಕ್ಕರೆ ತೊಳೆದು ಒಣಗಿಸಲು ಹೋಗಬೇಡಿ. ಸಿಕ್ಕ ಜಾಗದಲ್ಲೇ ಬಿಟ್ಟು, ಅದೇ ಕೆಸರು ಮುಚ್ಚಿ, ಮೇಲೆ ಟಾರ್ಪಾಲು ಹಾಕಿ. ಆಳವನ್ನು ಅಳೆದು, ಅಳತೆಕಡ್ಡಿ ಪಕ್ಕ ಇಟ್ಟು ಫೋಟೊ ತೆಗೆದು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಈಗಾಗಲೇ ಹೊರಗೆ ಬಂದಿದ್ದರೆ ಅದೇ ನೀರಿನಲ್ಲಿ ಮುಳುಗಿಸಿ, ನೆರಳಲ್ಲಿ, ಮುಚ್ಚಿಡಿ.

ತಳಪಾಯ_ಸಿವಿಲ್

ಕೊನೆಯದೊಂದು. ಸ್ವೀಟ್ ಟ್ರ್ಯಾಕ್ ಪೂರ್ತಿ ಅಗೆದಿದ್ದಾರೆಯೇ?

ಜೌಗುನೆಲ

ಇಲ್ಲ, ಹೆಚ್ಚಿನ ಭಾಗ ನೆಲದಲ್ಲೇ ಇದೆ. ಜಾನ್ ಕೋಲ್ಸ್ ಮತ್ತು ಬ್ರಯೋನಿ ಕೋಲ್ಸ್ ಅವರ ಸಾಮರ್‌ಸೆಟ್ ಲೆವೆಲ್ಸ್ ಯೋಜನೆ 1973ರಿಂದ 1989ರವರೆಗೆ ನಡೆದಾಗ ಪೀಟ್ ಯಂತ್ರದ ಬಾಯಿಗೆ ಬೀಳುವ ಭಾಗವನ್ನೇ ಮೊದಲು ಅಗೆದರು. ಉಳಿದದ್ದರಲ್ಲಿ ಸುಮಾರು 500 ಮೀ. ಶಾಪ್ವಿಕ್ ಹೀತ್ ನಿಸರ್ಗಧಾಮದೊಳಗಿದೆ. ಸುತ್ತ ಪೀಟ್ ತೆಗೆದು ನೆಲ ತಗ್ಗಾಗಿ ನೀರು ಅತ್ತ ಸೋರಿಹೋಗುವುದರಿಂದ, ಆ ಉದ್ದಕ್ಕೂ ಪಂಪಿನಿಂದ ನೀರು ಕೊಟ್ಟು ಮಟ್ಟವನ್ನು ಹಲಗೆಗಿಂತ ಮೇಲೆ ಇಡುತ್ತಾರೆ. ಅಳತೆಕೊಳವೆಗಳಲ್ಲಿ ಮಟ್ಟ ನೋಡುತ್ತಿರಬೇಕು, ಬೇಸಿಗೆಯಲ್ಲಿ ವಿಶೇಷವಾಗಿ. ಪಂಪು ನಿಂತರೆ ಮೊದಲು ಗಾಳಿ ತಾಗುವುದು ಕತ್ತರಿ ಗೂಟಗಳ ತಲೆಗೆ, ಆಮೇಲೆ ಹಲಗೆಗೆ.